ಐದನೆಯ ಪುಟ

ಟ್ರಿಯೆಸ್ತೆಯಲ್ಲಿ ಬೋರಾ ಗಾಳಿ ಬೀಸುವ ದಿನ
ಕಾಗದವಿದ್ದವರು ಅದನ್ನು ಎದೆಗವಚಿ ನಡೆಯುತ್ತಾರೆ,
ಕೂಸನ್ನೆತ್ತಿಕೊಂಡವರ ಹಾಗೆ.
ಮೂರು ಮಹಡಿ ಹತ್ತಿ ನನ್ನ ಬಾಗಿಲು ತಟ್ಟುವಾಗ
ತಲೆ ಕೆದರಿರುತ್ತದೆ, ಕಾಗದ ಮುದುರಿರುವುದಿಲ್ಲ.

ನನ್ನ ಕೆಲಸ ಸಣ್ಣದು: ಅಲ್ಬೇನಿಯನ್ನಿನಿಂದ ಇಟಾಲಿಯನ್ನಿಗೆ
ಹುಟ್ಟು, ಮದುವೆ, ಸಾವು ದಾಟಿಸುವುದು.
ಒಮ್ಮೊಮ್ಮೆ ಅಂಕಪಟ್ಟಿ, ಲೈಸೆನ್ಸು;
ಒಮ್ಮೆ ಒಂದು ಬೆಕ್ಕಿನ ಲಸಿಕೆ ಪುಸ್ತಕ.
ಕಂಡದ್ದನ್ನೆಲ್ಲ ಬರೆಯಬೇಕು, ಕಾಣದ್ದನ್ನು ಬರೆಯಕೂಡದು.
[ದುಂಡು ಮೊಹರು, ನೀಲಿ, ಅರ್ಧ ಅಳಿಸಿದೆ]
[ಸಹಿ, ಓದಲಾಗದು]

ಫತ್‌ಬಾರ್ಧ ಬಂದದ್ದು ನವೆಂಬರಿನಲ್ಲಿ.
ಗಂಡಸರ ಕೋಟು, ಟ್ರಾಕ್ಟರು ಓಡಿಸಿದ ಕೈ.
ಒಪಿಚಿನಾದ ಮುದಿ ಕ್ಯಾಪ್ಟನ್ನೊಬ್ಬನಿಗೆ
ಉಣಿಸಿ, ಒರೆಸಿ, ಮಲಗಿಸುವ ಕೆಲಸ ಗೊತ್ತಾಗಿದೆ.
ಕೆಲಸಕ್ಕೆ ಕರಾರು ಬೇಕು, ಕರಾರಿಗೆ ತೆರಿಗೆ ನಂಬರು,
ನಂಬರಿಗೆ ವಿಳಾಸ, ವಿಳಾಸಕ್ಕೆ ಮತ್ತೆ ಕರಾರು.
ಹುಚ್ಚು ಬಿಡದೆ ಮದುವೆಯಿಲ್ಲ,
ಮದುವೆಯಾಗದೆ ಹುಚ್ಚು ಬಿಡದು.
ಬೆರಳಚ್ಚಿಗೆ ಫೆಬ್ರವರಿಯಲ್ಲಿ ಬಾ ಎಂದಿದ್ದಾರಂತೆ.
ಅಲ್ಲಿಯತನಕ ಅಂಚೆಯವರು ಕೊಟ್ಟ ರಸೀದಿಯೇ ಅವಳ ಮುಖ;
ನಾಲ್ಕಾಗಿ ಮಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಳಜೇಬಿನಲ್ಲಿ.

ನಿನ್ನೆ ಕಿಟಕಿಯ ಹುಡುಗ ಹೇಳಿದನಂತೆ:
ನೀವು ಹುಟ್ಟಿದ ಊರು ಕಂಪ್ಯೂಟರಿನಲ್ಲಿಲ್ಲ.
"ಕಂಪ್ಯೂಟರಿನಲ್ಲಷ್ಟೇ ಅಲ್ಲಪ್ಪ, ಎಲ್ಲೂ ಇಲ್ಲ" ಅಂದಳಂತೆ ಇವಳು.
ಹನ್ನೊಂದು ತುಂಬಿದ ವರ್ಷ ಕಣಿವೆಗೆ ಅಣೆಕಟ್ಟು ಬಂತು.
ಸುತ್ತಲಿಗೆಲ್ಲ ಕರೆಂಟು ಬಂತು.
ಊರು ನೀರಿಗೆ ಹೋಯಿತು.

ಗುರಿ ಇ ಥಾತ್.
ಹಾಗೆಂದರೆ ಒಣಬಂಡೆ.
ಓದಿದೊಡನೆ ನನಗೆ ನಗು ತಡೆಯಲಿಲ್ಲ, ಅವಳಿಗೂ.
"ಅದನ್ನು ಬರೆದುಬಿಡು ಮತ್ತೆ, ಆ ಹುಡುಗನೂ ನಗಲಿ."
ಆಗದು, ಊರಿನ ಹೆಸರನ್ನು ಅನುವಾದಿಸುವಂತಿಲ್ಲ,
ಅಕ್ಷರಕ್ಕೆ ಅಕ್ಷರ ಇಳಿಸಬೇಕು, ಅಷ್ಟೆ.
ಅದರಲ್ಲೂ ಕೊನೆಯ ಅಕ್ಷರದ ನೆತ್ತಿಯಲ್ಲಿ ಎರಡು ಚುಕ್ಕಿ,
ಇಲ್ಲಿಯ ಯಂತ್ರಗಳಿಗೆ ಪರಿಚಯವಿಲ್ಲ;
ಎಲ್ಲಕ್ಕಿಂತ ಮೇಲಿದ್ದೂ ಮೊದಲು ಮುಳುಗುವುದು ಅವೇ.

"ಬೇಸಿಗೆಗೆ ನೀರಿಳಿದರೆ ಶಾಲೆಯ ಮೆಟ್ಟಿಲು ಕಾಣುತ್ತೆ.
ಏಳು ಮೆಟ್ಟಿಲು. ಅದನ್ನಾದರೂ?"
ಮೂಲದಲ್ಲಿಲ್ಲ, ಅಂದೆ.
ಅಂದಮೇಲೆ ಬಾಯಿ ಒಗರೊಗರಾಯಿತು.

ಗುರುವಾರ ನ್ಯಾಯಾಲಯದ ನೆಲಮಹಡಿ, ಕೊಸ್ಸುತ್ತಾ ಅವರ ಕಿಟಕಿ.
ಇಲ್ಲಿ ನಿಂತು ನಾನು ಆಣೆ ಮಾಡಬೇಕು:
ವಹಿಸಿದ ಕೆಲಸವನ್ನು ನೆಟ್ಟಗೆ, ನಿಯತ್ತಾಗಿ ಮಾಡಿದ್ದೇನೆ,
ಸತ್ಯವನ್ನು ತಿಳಿಸುವುದೊಂದೇ ಉದ್ದೇಶದಿಂದ.
(ನನ್ನ ಹುಟ್ಟುಪತ್ರಕ್ಕೂ ಯಾರೋ ಹೀಗೇ ಆಣೆಯಿಟ್ಟಿದ್ದರು.
ಅದರಲ್ಲಿ ನಾನು ಒಂದು ದಿನ ತಡವಾಗಿ ಹುಟ್ಟಿದ್ದೇನೆ.
ತಿದ್ದಿಸಲು ಹೋಗಲಿಲ್ಲ; ಇಪ್ಪತ್ತೆರಡು ವರ್ಷದಿಂದ
ಆ ತಡವನ್ನೇ ಬದುಕುತ್ತಿದ್ದೇನೆ.)

ನಾಲ್ಕು ಪುಟಕ್ಕೊಂದು ಚೀಟಿ, ಚೀಟಿಗೆ ಹದಿನಾರು ಯೂರೋ.
ಕೊಸ್ಸುತ್ತಾ ಹೆಬ್ಬೆರಳು ನೆಕ್ಕಿ ಎಣಿಸಿದರು:
ಒಂದು, ಎರಡು, ಮೂರು, ನಾಲ್ಕು. ಐದು.
ಐದನೆಯದರಲ್ಲಿ ಒಂದೇ ಸಾಲು:
[ಬಲ ಅಂಚಿನಲ್ಲಿ ನೀರಿನ ಕಲೆ]

"ಈ ಒಂದು ಸಾಲಿಗೆ ಹದಿನಾರು ಯೂರೋ ದಂಡ" ಅಂದರು ಅವರು,
ಒಳ್ಳೆಯವರೇ, "ಹೊಡೆದುಹಾಕಿ, ಯಾರು ನೋಡುತ್ತಾರೆ?"
ನಾನು ಫತ್‌ಬಾರ್ಧಳ ಕಡೆ ತಿರುಗಿದೆ, ಅವಳ ಭಾಷೆಯಲ್ಲಿ ಕೇಳಿದೆ.
ಹಿಂದಿನ ಸಾಲಿನವರು ಕೆಮ್ಮಿದರು.
ಹೊರಗೆ ಯಾರದೋ ಕೊಡೆ ಬೀದಿಯಲ್ಲಿ ಉರುಳುತ್ತಿತ್ತು.

ಅವಳು ಕೋಟಿನ ಒಳಜೇಬಿಗೆ ಕೈ ಹಾಕಿ,
ರಸೀದಿ ಪಕ್ಕಕ್ಕೆ ಸರಿಸಿ,
ಒಂದು ಹತ್ತರ ನೋಟು, ಮೂರು ನಾಣ್ಯ ಕಿಟಕಿಯ ಮೇಲಿಟ್ಟಳು.

"ಇರಲಿ ಬಿಡು" ಅಂದಳು,
"ಊರಿಂದ ನನ್ನ ಜೊತೆ ಬಂದದ್ದು ಅದೊಂದೇ."