ಕೆಳಗಣ ಹುಲ್ಲು

ಕುರಿಗೆ ಮೇಲಿನ ಸಾಲಿನಲ್ಲಿ ಮುಂದೆ ಹಲ್ಲೇ ಇಲ್ಲ.
ಗಟ್ಟಿ ವಸಡೊಂದಿದೆ, ತರಕಾರಿ ಹೆಚ್ಚುವ ಮಣೆಯ ಹಾಗೆ.
ಕೆಳಗಿನ ಎಂಟು ಹುಲ್ಲನ್ನು ಅದಕ್ಕೊತ್ತಿ
ತಲೆಯನ್ನೊಮ್ಮೆ ಜಗ್ಗಿದರೆ
ಟರ್ರ್ ಅಂತ ಹಳೇ ಸೀರೆ ಹರಿದ ಸದ್ದು.
ನಾನೋದಿದ ಹಲ್ಲಿನ ಪುಸ್ತಕಗಳಲ್ಲಿ ಇದಿಲ್ಲ.

ಕರ್ಬಿ ಸ್ಟೀವನ್ನಿನ ಕುರಿಸಂತೆ, ಅಕ್ಟೋಬರು, ಶುಕ್ರವಾರ.
ವಿಲ್ಫ್ ಆಲ್ಡರ್ಸನ್
(ಹೋದ ತಿಂಗಳು ಈತನಿಗೆ ಕಟ್ಟುಹಲ್ಲು ಕೂರಿಸಿದವಳು ನಾನೇ)
ಮುದಿ ಹೆಣ್ಣುಕುರಿಯೊಂದರ ಗದ್ದ ಹಿಡಿದು, ತುಟಿ ಮಗುಚಿ,
"ನೋಡಿ ಡಾಕ್ಟರೇ, ನಿಮ್ಮ ಕಸುಬು" ಅಂದ.

ಎರಡು ಉದುರಿವೆ. ಒಂದು ಅಲ್ಲಾಡುತ್ತಿದೆ.
ಮಿಕ್ಕವು ಉದ್ದವಾಗಿ, ಹಳದಿ ತಿರುಗಿ
ಹಳೇ ಬೇಲಿಯ ಗೂಟಗಳಂತೆ ದಿಕ್ಕಿಗೊಂದು ವಾಲಿವೆ.
ಕೈಗವಸು ಹಾಕದೆಯೇ ಬೆರಳಿಟ್ಟೆ.
ಬಿಸಿ. ಹಸಿರು ವಾಸನೆ.

ಮಾಳಿಂಗಜ್ಜ ಕತ್ತಲಲ್ಲೂ ಹೀಗೇ ಬೆರಳಿಟ್ಟು ಓದುತ್ತಿದ್ದ:
ಹಾಲಲ್ಲು, ಎರಡಲ್ಲು, ನಾಲ್ಕಲ್ಲು, ಆರಲ್ಲು,
ಬಾಯಿಗೂಡಿದ್ದು.
ಅಲ್ಲಿಗೆ ಲೆಕ್ಕ ಮುಗಿಯಿತು.
ಕೂಡಿದ ಬಾಯಿ ಮತ್ತೆ ಬಿಡಿಬಿಡಿಯಾಗುವುದಕ್ಕೆ
ಅವನ ಹತ್ತಿರ ಹೆಸರಿರಲಿಲ್ಲ;
ಕಟುಕನ ಸೈಕಲ್ ಬೆಲ್ ಇತ್ತು.

ಇಲ್ಲಿ ಹೆಸರುಂಟು: ಮುರುಕುಬಾಯಿ.
ಗುಡ್ಡದ ಹುಲ್ಲು ತಂತಿ, ಗಾಳಿ ತಿಂದು ಬಿಟ್ಟ ಮೋಟು.
ಅದನ್ನು ಕಚ್ಚಲಾರದವಳನ್ನು ಕಣಿವೆಯವರಿಗೆ ಮಾರುತ್ತಾರೆ,
ಈಡನ್ ಹೊಳೆಯ ಬದಿಗೆ,
ಹುಲ್ಲು ನಾಲಿಗೆಗೇ ಮುರಿಯುವಲ್ಲಿಗೆ.
ಇನ್ನೆರಡು ಚಳಿಗಾಲ. ಇನ್ನೆರಡು ಸಲ ಮರಿ.

"ನೀವೂ ಇಳಿಯಬಹುದಲ್ಲ?"
"ಕೊಳ್ಳುವವರು ಬೇಕಲ್ಲ" ಅಂದ ವಿಲ್ಫ್.
ಹರಾಜಿನವನ ನಾಲಿಗೆ ನಾಗಾಲೋಟದಲ್ಲಿ ಓಡಿ
ಐವತ್ತೆರಡು ಪೌಂಡಿಗೆ ನಿಂತಿತು.

ಆಮೇಲೆ ಚಹಾದಂಗಡಿ. ಮಾಂಸದ ಪೈ ತಂದುಕೊಂಡ.
ನಾನು ಕಿಟಕಿಯತ್ತ ತಿರುಗಿದ್ದೇನೆ ಅಂದುಕೊಂಡು
ನಾನು ಮಾಡಿದ ಸೆಟ್ಟನ್ನು ಮೆಲ್ಲಗೆ ತೆಗೆದು
ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗಿಟ್ಟ.
ಗ್ರೇವಿಯಲ್ಲಿ ಅದ್ದಿ ಅದ್ದಿ
ವಸಡಿನಲ್ಲೇ ಅರೆದ, ಸುಖವಾಗಿ.
ಮೂರು ಸಲ ಅಳತೆ ತೆಗೆದಿದ್ದೆ.
ಏನೂ ಅನ್ನಲಿಲ್ಲ.

ಹೊರಗೆ ಟ್ರಕ್ಕಿನ ಸರಳುಗಳ ನಡುವೆ ಅವಳು,
ಬೆನ್ನ ಮೇಲೆ ಹೊಸ ಯಜಮಾನನ ಕೆಂಪು ಗುರುತು.
ಮುಂದಿನವು ಹೋದರೇನು, ಹಿಂದಿನ ದವಡೆ ಗಟ್ಟಿಯಿದೆ;
ಬೆಳಿಗ್ಗೆ ಗುಡ್ಡದಲ್ಲಿ ನುಂಗಿದ್ದನ್ನು ಬಾಯಿಗೆ ತಂದುಕೊಂಡು
ಅಡ್ಡಡ್ಡ ಅರೆಯುತ್ತಿದ್ದಾಳೆ, ಯಾರನ್ನೂ ನೋಡದೆ.
ಸೇತುವೆ ದಾಟುವ ಹೊತ್ತಿಗೆ
ಅದು ಮುಗಿದೀತು.