ಹಾಜರಿ ಪುಸ್ತಕದಲ್ಲಿ ಲಿಗಾಯಾ

ನೂಲು ಬಿಚ್ಚಾಣಿಕೆ ಕಲಿಯಲು ಶಿಡ್ಲಘಟ್ಟಕ್ಕೆ
ಆ ಸಲ ಬಂದವರು ಹನ್ನೊಂದು ಜನ.
ರಾಮನಗರ, ಕೊಳ್ಳೇಗಾಲ, ಹಿಂದೂಪುರ,
ಕೊನೆಗೆ ಫಿಲಿಪ್ಪೀನ್ಸ್.
ಊರಿನ ಕಾಲಮ್ಮಿನಲ್ಲಿ ಹಿಡಿಸದೆ ಆ ಹೆಸರು
ಸಹಿಯ ಜಾಗಕ್ಕೆ ಕಾಲು ಚಾಚಿತು.

‘ಇನಿಷಿಯಲ್ಲು?’ ಅಂದೆ.
ನಮ್ಮ ಕಡೆ ಅದಿಲ್ಲದ ಮನುಷ್ಯನಿಲ್ಲ.
ನಾನು ಎಂ. ಪಿ. ಆವುಲರೆಡ್ಡಿ;
ಎಂ ಅಂದರೆ ಮೇಲೂರು,
ಪಿ ಅಂದರೆ ಪಿಳ್ಳಾರೆಡ್ಡಿ, ನಮ್ಮಪ್ಪ.

ಅವಳು ನಕ್ಕಳು.
‘ನಮ್ಮಮ್ಮನ ಊರಲ್ಲಿ ಎಲ್ಲರದೂ ಆರ್ ಸಾರ್.
ಪಾದ್ರಿ ಆರ್, ಮೀನು ಮಾರುವವಳು ಆರ್,
ಗೋರಿಯ ಕಲ್ಲೆಲ್ಲ ಆರ್.
ಆದರೆ ಅದು ಊರಲ್ಲ, ಅಪ್ಪನೂ ಅಲ್ಲ.
ನೂರೆಪ್ಪತ್ತು ಚಿಲ್ಲರೆ ವರ್ಷದ ಹಿಂದೆ
ಸ್ಪೇನಿನ ದೊರೆಗಳು ಒಂದು ಪುಸ್ತಕ ಮಾಡಿದರು,
ತುಂಬ ಬರೀ ಹೆಸರು, ಅಕ್ಷರದ ಸಾಲಿನಲ್ಲಿ.
ಊರಿಗಿಷ್ಟು ಹಾಳೆ ಹಂಚಿ
ಮನೆಗೊಂದು ಆರಿಸಿಕೊಳ್ಳಿ ಅಂದರು.
ಕಂದಾಯ ಬರೆಯಲು ಸುಲಭ.’

ನಾನೂ ಪುಸ್ತಕ ಬರೆಯುವವನೇ.
ಪೆನ್ನಿನ ಕ್ಯಾಪು ಹಾಕಿದೆ, ತೆಗೆದೆ, ಹಾಕಿದೆ.

ಬೇಸಿನ್ನಿನ ಮುಂದೆ ಷಾಹಜಾದಿಬೀ
ಬಿಸಿನೀರಲ್ಲಿ ಗೂಡು ಹೊರಳಿಸಿ,
ಯಾರ ಜೊತೆಗೋ ಮಾತಾಡುತ್ತಲೇ
ಎಳೆಯ ತುದಿ ಎತ್ತಿದಳು.
ಹುಳದ ವಾಸನೆಗೆ ಮೂಗು ಮುಚ್ಚಿದ್ದ ಲಿಗಾಯಾ
ಕೈ ತೆಗೆದಳು.
ಒಂದು ಗೂಡಿಗೆ ಅರ್ಧ ಮೈಲಿ ನೂಲು.
‘ನಡುವೆ ಗಂಟೇ ಇಲ್ಲವೆ?’

ಅವಳ ಅಕ್ಲಾನಿನಲ್ಲಿ ನಾರು ಬರುವುದು
ಅನಾನಸಿನ ಎಲೆಯಿಂದ.
ಒಡೆದ ಪಿಂಗಾಣಿ ತಟ್ಟೆಯ ಚೂರಿನಿಂದ ಕೆರೆದು,
ತೊಳೆದು, ಒಣಗಿಸಿ, ಬಾಚಿ...
ಒಂದು ಎಳೆ ಎರಡು ಮೊಳಕ್ಕೆ ಮುಗಿದುಹೋಗುತ್ತದೆ.
ಅಜ್ಜಿಯರು ಕೂತು ತುದಿಗೆ ತುದಿ ಗಂಟು ಹಾಕಬೇಕು.
ಗಂಟು ಕಂಡರೆ ಬೆಲೆ ಕಮ್ಮಿ.
ಆ ನಾರಿಗೆ ಜೊತೆ ಕೊಡಲು ರೇಷ್ಮೆ ಬೇಕಂತೆ.
‘ಇನ್ನೂರೈವತ್ತು ವರ್ಷ ಚೀನಾದ ರೇಷ್ಮೆ
ಮನಿಲಾದಲ್ಲಿ ಹಡಗು ಬದಲಿಸಿ ಮೆಕ್ಸಿಕೋಗೆ ಹೋಯಿತು.
ಆ ಹಡಗಿಗೆ ಮರ ಕಡಿದವರು ನಾವು.
ಉಟ್ಟವರು ಬೇರೆ.’

ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು.
ನುಂಗಲು ಬಾರದೆ ಅಗಿಯುತ್ತ ಕೂತವಳಿಗೆ
ಮಾತು ಕಲಿಸಲು ಹೊರಟೆ.
ಮುಖ ಅಂದೆ. ‘ಮುಖಾ’ ಅಂದಳು.
ಗುರು ಅಂದೆ. ‘ಗುರೋ.’
ಆಸೆ ಅಂದರೆ ‘ಆಸಾ.’
ರೇಷ್ಮೆಗೆ ‘ಸುತ್ಲಾ’; ನಮ್ಮ ಸೂತ್ರವೇ ಇರಬೇಕು,
ಎಷ್ಟು ಬಾಯಿ ದಾಟಿ ಹೋಯಿತೋ ಅಲ್ಲಿಗೆ.
ದುಃಖ ಅಂದೆ.
‘ಅದು ನಮ್ಮಲ್ಲೂ ಇದೆ. ಬಡವ ಅಂತ ಅರ್ಥ.’
ನೀರಲ್ಲಿ ನೆನೆನೆನೆದು ಬೆಳ್ಳಗಾದ ಬೆರಳಿಂದ
ಮುದ್ದೆ ಮುರಿಯುತ್ತ ಷಾಹಜಾದಿಬೀ ಕೇಳಿದಳು,
‘ನಮ್ಮಲ್ಲಿ ಬೇರೆ ಅರ್ಥ ಇದೆಯಾ?’

ಕೊನೆಯ ವಾರ ಚರಕದಲ್ಲಿ ಎಳೆ ಕಡಿಯಿತು.
ಯಾರೂ ಕೈ ಹಾಕುವ ಮೊದಲೇ ಲಿಗಾಯಾ
ಎರಡು ತುದಿ ಹಿಡಿದು ಏನೋ ಮಾಡಿದಳು.
ಷಾಹಜಾದಿಬೀ ಉಗುರಲ್ಲಿ ಸವರಿದಳು,
ಹಿಂದೆ ಸವರಿದಳು, ಮುಂದೆ ಸವರಿದಳು.
‘ಎಲ್ಲಿ?’

ಸರ್ಟಿಫಿಕೇಟು ಬರೆಯುವ ದಿನ
ಇನಿಷಿಯಲ್ಲಿನ ಮನೆ ಖಾಲಿಯೇ ಇತ್ತು.
ನಾನೇ ಒಂದು ಹಾಕಿಬಿಡಬಹುದಿತ್ತು;
ಹಾಕಲಿಲ್ಲ. ಪುಸ್ತಕ ಅವಳ ಕಡೆ ತಿರುಗಿಸಿದೆ.
ತುಂಬ ಹೊತ್ತು ಯೋಚಿಸಿ ಬರೆದಳು: ಕೆ.
‘ಕಲಿಬೊ. ನನ್ನೂರು.’
ಕನ್ನಡದಲ್ಲೇ ಬರೆದಳು,
ತಲೆಕಟ್ಟು ಅರ್ಧ ಬಿಟ್ಟು.

ಈಗ ಆಡಿಟ್‌ನವರು
ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದಾರೆ:
ಪಾಸ್‌ಪೋರ್ಟಿನ ಹೆಸರಿಗೆ ತಾಳೆಯಾಗುತ್ತಿಲ್ಲ,
ವಿವರಣೆ ಕೊಡಿ.
ಹದಿನೈದು ದಿನದ ಗಡುವು.
ಇವತ್ತಿಗೆ ಹನ್ನೆರಡು.