ಸೊನ್ನೆ ಟಿಕೆಟ್

ಬೆಳಗಿನ ಐದೂವರೆ. ಶಿವಮೊಗ್ಗ ಡಿಪೋದ ನಲ್ಲಿಯ ಮುಂದೆ
ಮುಚ್ಚಳ ತುಂಬ ಗುಲಾಬಿ ನೀರು;
ಮೂವತ್ತು ಎಣಿಸುವ ತನಕ ಕೆನ್ನೆಯೊಳಗೆ ಕುಲುಕಿ
ಉಗಿಯುತ್ತಿದ್ದೆ.
ಚುರುಗುಡುತ್ತಿತ್ತು. ಚುರುಗುಟ್ಟಿದರೆ ಶುದ್ಧ ಅಂದುಕೊಂಡಿದ್ದೆ.

ಕಾರಣ ಸಣ್ಣದು. ಚೋರಡಿಯಲ್ಲಿ ಹತ್ತಿದ ಮೇಷ್ಟ್ರೊಬ್ಬ
‘ಎಲ್ಲಿಗೆ ಸಾರ್?’ ಅಂದದ್ದಕ್ಕೆ
ಮುಖ ಕಿಟಕಿಗೆ ತಿರುಗಿಸಿ, ಸಾಗರ, ಅಂದಿದ್ದ.
ಅಷ್ಟೇ. ಕಿಟಕಿಯಾಚೆ ಏನಾದರೂ ಇದ್ದಿರಲೂಬಹುದು.
ನನಗೆ ಮಾತ್ರ ಅಂದಿನಿಂದ ಬಾಯಿ ಬಿಟ್ಟರೆ ಬಣ್ಣಗೇಡು.
ಆಯನೂರಿನಲ್ಲೊಮ್ಮೆ, ಆನಂದಪುರದಲ್ಲೊಮ್ಮೆ,
ಚಿಲ್ಲರೆ ಚೀಲದ ಪಕ್ಕ ಸದಾ ಬಾಟಲಿ.

ಎರಡು ವರ್ಷ.
ಮೆಗ್ಗಾನ್ ಆಸ್ಪತ್ರೆಯಲ್ಲಿ ತೋಳಿನ ಪಟ್ಟಿ ಉಬ್ಬಿತು, ಬಿಗಿಯಿತು, ಉಸ್ಸೆಂದಿತು:
ನೂರ ನಲವತ್ತೆಂಟು, ತೊಂಬತ್ತಾರು.
ಉಪ್ಪು ಕಡಿಮೆ ಮಾಡಿ ಅಂದರು. ಮಾಡಿದೆ.
ನಿದ್ದೆ ಮಾಡಿ ಅಂದರು. ಪಾಳಿಯ ಚೀಟಿ ತೋರಿಸಿದೆ, ನಕ್ಕರು.
ಹಲ್ಲಿನ ವಿಭಾಗದ ಎಳೆಯ ಡಾಕ್ಟರು ಫಿಲೋಮಿನಾ
ಟಾರ್ಚು ಹಿಡಿದು ಕೇಳಿದಳು:
‘ಈ ಕಂದು ಕಲೆ ಏನು, ಎಲೆ‑ಅಡಿಕೆನಾ?’
ಬಾಟಲಿ ತೆಗೆದು ತೋರಿಸಿದೆ.

ಆಮೇಲೆ ಅವಳು ಹೇಳಿದ್ದನ್ನು
ನನ್ನ ಭಾಷೆಗೆ ಇಳಿಸಿಕೊಂಡದ್ದು ಹೀಗೆ:
ನಾಲಿಗೆಯ ಹಿಂದಿನ ಸಂದಿಗೊಂದಿಯಲ್ಲಿ ಕಣ್ಣಿಗೆ ಕಾಣದವರ ಒಂದು ಸ್ಟಾಪು.
ತಿಂದ ಸೊಪ್ಪಿನ ಸಾರ ಅಲ್ಲಿ ಇಳಿದು, ವೇಷ ಬದಲಿಸಿ,
ಬೇರೆ ಬಸ್ಸು ಹತ್ತಿ ರಕ್ತಕ್ಕೆ ಬಂದು,
ಬಿಗಿದು ನಿಂತ ನಾಳದ ಗೋಡೆಗೆ ಕೂಗಿ ಹೇಳುತ್ತದೆ:
ಸರೀರಿ, ಸ್ವಲ್ಪ ಸರೀರಿ, ಜಾಗ ಬಿಡಿ.

ಆ ಸ್ಟಾಪನ್ನು ನಾನು ದಿನಕ್ಕೆ ಮೂರು ಸಲ ತೊಳೆದು ಖಾಲಿ ಮಾಡಿದ್ದೆ.

‘ಇದೇ ಕಾರಣ ಅಂತ ಆಣೆ ಇಡಲಾರೆ,’ ಅಂದಳು,
‘ಇನ್ನೂ ಹುಡುಕ್ತಾ ಇದಾರೆ. ಮಾತ್ರೆ ಬಿಡಬೇಡಿ.
ಬಾಟ್ಲಿ ಬಿಡಿ. ಹಲ್ಲು ಮಾತ್ರ ಚೆನ್ನಾಗಿ ಉಜ್ಜಿ.’

ಉಜ್ಜುತ್ತೇನೆ. ಅಲ್ಲಿರುವವರೆಲ್ಲ ಸಜ್ಜನರಲ್ಲ.
ನಮ್ಮ ಡ್ರೈವರ್ ಕೆಂಚಪ್ಪಣ್ಣ ಒಸಡಿನ ಕೀವಿಗೆ ಲವಂಗ ಒತ್ತಿ
ವರ್ಷ ದೂಡಿದ; ಅಲ್ಲಿಂದ ಹೊರಟದ್ದು
ಹೃದಯದ ಬಾಗಿಲಿಗೆ ಬಂದು ಠಿಕಾಣಿ ಹೂಡಿತು.
ಆರು ವಾರ ಮಣಿಪಾಲದಲ್ಲಿದ್ದ. ಸ್ಟೇರಿಂಗಿಗೆ ಇನ್ನೂ ಬಂದಿಲ್ಲ.
ಯಾರನ್ನು ಇಳಿಸಬೇಕು, ಯಾರನ್ನು ಕೂರಿಸಬೇಕು,
ಹದಿನಾರು ವರ್ಷದ ಕಂಡಕ್ಟರಿಕೆಗೂ
ಅಷ್ಟು ಸುಲಭಕ್ಕೆ ತಿಳಿಯುವುದಿಲ್ಲ.

ಇವತ್ತು ವಾಪಸು ಬರುವಾಗ ಕುಂಸಿಯಲ್ಲಿ
ಸೊಪ್ಪಿನ ಹೆಂಗಸರು ಹತ್ತಿದರು, ಒದ್ದೆ ಕಟ್ಟು, ಕೆಸರು ಬೇರು,
ಎಲ್ಲರಿಗೂ ಸೊನ್ನೆ ಟಿಕೆಟ್.
ಬಸ್ಸೆಲ್ಲ ಗಲೀಜು ಅಂತ ಎಷ್ಟು ಸಲ ರೇಗಿಲ್ಲ ನಾನು.
ಹಾಲಮ್ಮನ ಹತ್ತಿರ ಎರಡು ಕಟ್ಟು ಹರಿವೆ ಕೊಂಡೆ.
ಹರಿವೆ. ಹೆಸರಿನಲ್ಲೇ ಹರಿವು ಇಟ್ಟುಕೊಂಡ ಸೊಪ್ಪು,
ಇಷ್ಟು ದಿನ ಕಿವಿಗೇ ಬಿದ್ದಿರಲಿಲ್ಲ.

ಚಿಲ್ಲರೆ ಕೊಡಲು ಬಗ್ಗಿದೆ, ತೀರಾ ಹತ್ತಿರ.
ಅವಳು ಮುಖ ತಿರುಗಿಸಲಿಲ್ಲ.
ಅವಳ ಬಾಯಲ್ಲಿ ಹೊಗೆಸೊಪ್ಪಿನ ಘಾಟು; ನಾನೂ ತಿರುಗಿಸಲಿಲ್ಲ.

ಮುಂದಿನ ತಿಂಗಳು ಆ ಪಟ್ಟಿ ಏನನ್ನುತ್ತದೋ.
ಬಾಗಿಲು ಬಡಿದೆ.
ರೈಟ್.